ಪ್ರತಿಕ್ರಿಯೆ: ಎಫ್1 ಒತ್ತಿದರೆ ಮಾಯವಾಗುವ ಡಿಸ್ಕ್ ಎಚ್ಚರಿಕೆ

ನಮಸ್ಕಾರ. ಕಂಪ್ಯೂಟರ್ ಆನ್ ಮಾಡಿದಾಗಲೆಲ್ಲ ‘ಸ್ಮಾರ್ಟ್ ಸ್ಟೇಟಸ್ ಬ್ಯಾಡ್, ಬ್ಯಾಕಪ್ ಅಂಡ್ ರಿಪ್ಲೇಸ್’ ಎಂಬ ಸಂದೇಶ ಬರುತ್ತದೆ, ಎಫ್1 ಒತ್ತಿದರೆ ವಿಂಡೋಸ್ ಎಂದಿನಂತೆ ತೆರೆದುಕೊಳ್ಳುತ್ತದೆ, ಹಾಗಾದರೆ ವಿಂಡೋಸನ್ನು ಮತ್ತೆ ಇನ್‌ಸ್ಟಾಲ್ ಮಾಡಿದರೆ ಸರಿಹೋದೀತೇ ಎಂದು ಕೇಳಿದ್ದೀರಿ. ಸರಿಹೋಗುವುದಿಲ್ಲ, ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಟ್ಟುಕೊಂಡ ಲೆಕ್ಕವನ್ನು ಓದಿ ಈ ಎಚ್ಚರಿಕೆ ಕೊಡುತ್ತಿರುವುದು ಬಯಾಸ್ (ವಿಂಡೋಸ್ ಶುರುವಾಗುವ ಮೊದಲೇ ಕಂಪ್ಯೂಟರಿನ ಭಾಗಗಳನ್ನು ಪರೀಕ್ಷಿಸುವ, ಮದರ್‌ಬೋರ್ಡಿನಲ್ಲಿರುವ ಪುಟ್ಟ ತಂತ್ರಾಂಶ), ವಿಂಡೋಸ್‌ಗೆ ಇದರಲ್ಲಿ ಪಾತ್ರವಿಲ್ಲ. ಮೊದಲು ಫೋಟೋ, ದಾಖಲೆಗಳನ್ನು ಬೇರೊಂದು ಡಿಸ್ಕಿಗೆ ನಕಲಿಸಿಕೊಳ್ಳಿ. ಅದಕ್ಕೂ ಮುಂಚೆ ವಿಂಡೋಸ್‌ನಲ್ಲೇ ಇರುವ ಡಿಸ್ಕ್ ಪರೀಕ್ಷಕ ಚೆಕ್‌ಡಿಸ್ಕ್‌ನ ಪೂರ್ಣ ತಪಾಸಣೆಯನ್ನು ದಯವಿಟ್ಟು ನಡೆಸಬೇಡಿ, ಏಕೆಂದರೆ ಸೋತಿರುವ ಡಿಸ್ಕಿನ ಒಂದೊಂದು ಸೆಕ್ಟರನ್ನೂ (ಮಾಹಿತಿ ಇಡುವ ಪುಟ್ಟ ತುಂಡನ್ನೂ) ಓದಿಸುವ ಆ ದುಡಿಮೆಯೇ ಅದರ ಕೊನೆಯ ಕೆಲಸವಾಗಬಹುದು. ಬಳಿಕ ಡಿಸ್ಕಿನ ಆರೋಗ್ಯ ತೋರಿಸುವ ತಂತ್ರಾಂಶ ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ 05 (ಕೆಟ್ಟಿದ್ದರಿಂದ ಬದಲಿಸಿದ ಸೆಕ್ಟರುಗಳು) ಮತ್ತು ಸಿ5 (ಓದಲಾಗದೆ ಬದಲಿಗೆ ಕಾದಿರುವ ಸೆಕ್ಟರುಗಳು) ಸಾಲುಗಳ ಕೊನೆಯ ಕಾಲಂನ ಸಂಖ್ಯೆಯನ್ನು ನೋಡಿ (ಅದು ಹದಿನಾರರ ಲೆಕ್ಕದ್ದು, 1ಎ ಎಂದರೆ 26). ದಿನದಿಂದ ದಿನಕ್ಕೆ ಏರುತ್ತಿದ್ದರೆ ಹೊಸ ಡಿಸ್ಕ್ ಕೊಳ್ಳುವುದನ್ನು ಮುಂದೂಡಬೇಡಿ.