ಡಿಸೆಬಿಲಿಟಿ ಪಿಂಚಣಿ: ಆರು ತಿಂಗಳು ಕಳೆದ ಮೇಲೂ ಯಾಕೆ ಕಾಯುತ್ತೀರಿ?

ನಿವೃತ್ತ ಸೈನಿಕರಿಂದ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಪ್ರಶ್ನೆ ಕೇಳಿವೆ: ಸೇವೆಯಿಂದ ಬಂದ ಕಾಯಿಲೆಗೆ ಸಿಗಬೇಕಾದ ಡಿಸೆಬಿಲಿಟಿ ಪಿಂಚಣಿಗೆ ಇನ್ನೆಷ್ಟು ದಿನ ಕಾಯಬೇಕು? ಊರು ಬೇರೆ, ರೆಜಿಮೆಂಟ್ ಬೇರೆ, ಕಾಯಿಲೆ ಬೇರೆ. ಕಾಯುತ್ತಾ ಕೂರುವುದು ಮಾತ್ರ ಎಲ್ಲರದ್ದೂ ಒಂದೇ. ಆದ್ದರಿಂದ ಅದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ. ಮೆಡಿಕಲ್ ಬೋರ್ಡ್ (ಸೇನೆಯ ವೈದ್ಯರ ಮಂಡಳಿ) ಎಂದರೇನು, ಪಿಪಿಒ (ಪಿಂಚಣಿ ಪಾವತಿ ಆದೇಶ) ಎಂದರೇನು ಎಂದು ಉದ್ದಕ್ಕೆ ವಿವರಿಸಲು ಹೋಗುವುದಿಲ್ಲ. ಡಿಸ್ಚಾರ್ಜ್ ಬುಕ್ ಹಿಡಿದು ಊರಿಗೆ ಬಂದವರಿಗೆ ಅದನ್ನೆಲ್ಲ ನಾನು ಹೇಳಿಕೊಡಬೇಕಿಲ್ಲ.

ಪ್ರಶ್ನೆ: 2021ರಲ್ಲಿ ಹವಾಲ್ದಾರ್ ಆಗಿ ನಿವೃತ್ತನಾದೆ. ಬಿಡುಗಡೆಯ ಮೆಡಿಕಲ್ ಬೋರ್ಡ್ ಬಿಪಿಗೆ ಶೇ 30 ಅಂಗವೈಕಲ್ಯ ಕೊಟ್ಟಿತು, ಆದರೆ ಸೇವೆಗೆ ಸಂಬಂಧವಿಲ್ಲ ಎಂದು ಬರೆಯಿತು. ಕ್ಲೇಮ್ ತಿರಸ್ಕಾರವಾಯಿತು. ಮೊದಲ ಅಪೀಲು ಹಾಕಿ ಮೂರು ವರ್ಷ ದಾಟಿದೆ. ರಿಮೈಂಡರ್ ಕಳಿಸಿದಾಗೆಲ್ಲ ‘ಪರಿಶೀಲನೆಯಲ್ಲಿದೆ’ ಎನ್ನುತ್ತಾರೆ. ಇನ್ನೆಷ್ಟು ದಿನ ಕಾಯಲಿ? (ಸೋಮವಾರಪೇಟೆ)

ಹವಾಲ್ದಾರರೇ, ನೀವು ಕಾಯಬೇಕಿದ್ದದ್ದು ಆರೇ ತಿಂಗಳು. ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಕಾಯ್ದೆ, 2007ರ 21ನೇ ಕಲಂ ಓದಿ. ಅಪೀಲು ಕೊಟ್ಟು ಆರು ತಿಂಗಳಾದರೂ ಅಂತಿಮ ಆದೇಶ ಬಾರದಿದ್ದರೆ, ಇಲಾಖೆಯೊಳಗಿನ ದಾರಿ ಮುಗಿಯಿತೆಂದೇ ಲೆಕ್ಕ. ಅಲ್ಲಿಂದ ಮುಂದಿನ ಆರು ತಿಂಗಳೊಳಗೆ ನ್ಯಾಯಮಂಡಳಿಗೆ ಹೋಗಬೇಕು ಎನ್ನುತ್ತದೆ 22ನೇ ಕಲಂ. ಈ ಗಡುವು ನಿಮಗೆ ಎಂದೋ ಮೀರಿದೆ. ರಿಮೈಂಡರ್ ಕಳಿಸಿದರೆ ಗಡುವು ಮುಂದೆ ಹೋಗುತ್ತದೆ ಎಂದು ಯಾರು ಹೇಳಿಕೊಟ್ಟರೋ ಕಾಣೆ. ಹತ್ತು ಕಳಿಸಿದರೂ ಒಂದು ದಿನ ಮುಂದೆ ಹೋಗುವುದಿಲ್ಲ.

ಹಾಗೆಂದು ಕೈಚೆಲ್ಲಬೇಡಿ. ಪಿಂಚಣಿ ತಿಂಗಳು ತಿಂಗಳು ಬರಬೇಕಾದದ್ದು, ಅದನ್ನು ಕೊಡದಿದ್ದರೆ ಪ್ರತಿ ತಿಂಗಳೂ ಹೊಸ ತಪ್ಪಾಗುತ್ತದೆ ಎಂಬುದನ್ನು ಕೋರ್ಟುಗಳು ಒಪ್ಪಿವೆ. ವಿಳಂಬ ಮನ್ನಾ ಅರ್ಜಿ ಜೊತೆಗಿಟ್ಟರೆ ಬಾಗಿಲು ಸಾಮಾನ್ಯವಾಗಿ ತೆರೆಯುತ್ತದೆ. ನಷ್ಟ ಆಗುವುದು ಹಿಂದಿನ ತಿಂಗಳುಗಳ ಬಾಕಿ ಹಣದಲ್ಲಿ. ತರ್ಸೇಮ್ ಸಿಂಗ್ ಎಂಬ ಸೈನಿಕ ಕಾಯಿಲೆಯ ಕಾರಣಕ್ಕೆ 1983ರಲ್ಲಿ ಸೇನೆಯಿಂದ ಹೊರಬಂದು, 1999ರಲ್ಲಿ ಹೈಕೋರ್ಟ್ ಹತ್ತಿದರು. ಹಕ್ಕು ಉಳಿಯಿತು. ಆದರೆ 2008ರಲ್ಲಿ ಸುಪ್ರೀಂ ಕೋರ್ಟ್ ಅವರಿಗೆ ಬಾಕಿ ಕೊಡಿಸಿದ್ದು ಅರ್ಜಿ ಹಾಕುವುದಕ್ಕೆ ಹಿಂದಿನ ಮೂರು ವರ್ಷದ್ದು ಮಾತ್ರ. ಆಮೇಲೆ ಎಷ್ಟೋ ಪ್ರಕರಣಗಳಲ್ಲಿ ಆ ಅಳತೆಯನ್ನೇ ಹಿಡಿದಿದ್ದಾರೆ. ನೀವು 2021ರಲ್ಲಿ ಬಂದವರು, ಮೂರು ವರ್ಷ ಆಗಲೇ ದಾಟಿದೆ. ಆ ಅಳತೆ ಹಿಡಿದರೆ, ಇನ್ನು ನೀವು ಕಾಯುವ ಪ್ರತಿ ತಿಂಗಳಿಗೆ ಒಂದು ಹಳೆಯ ತಿಂಗಳ ಬಾಕಿ ಖೋತಾ. ‘ಪರಿಶೀಲನೆಯಲ್ಲಿದೆ’ ಎಂದು ಬರೆಯುವವರ ಜೇಬಿನಿಂದ ಒಂದು ಪೈಸೆಯೂ ಹೋಗುವುದಿಲ್ಲ.

ಈ ವಾರವೇ ನಿಮ್ಮ ಸೇವಾ ದಾಖಲೆ ಇಡುವ ರೆಕಾರ್ಡ್ ಆಫೀಸಿಗೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು. ಬಿಡುಗಡೆಯ ಬೋರ್ಡಿನ ಪೂರ್ತಿ ನಡಾವಳಿ, ಭರ್ತಿಯಾದಾಗಿನ ವೈದ್ಯಕೀಯ ದಾಖಲೆ, ನೀವು ಎಲ್ಲೆಲ್ಲಿ ಎಷ್ಟು ಕಾಲ ಪೋಸ್ಟಿಂಗಿನಲ್ಲಿದ್ದಿರಿ ಎಂಬ ಪಟ್ಟಿ, ಈ ಮೂರನ್ನೂ ಕೇಳಿ. ಬಿಪಿ ಯಾವ ವರ್ಷ, ಯಾವ ಜಾಗದಲ್ಲಿ ಮೊದಲು ಕಂಡಿತು ಎಂಬ ಸಾಲನ್ನು ಹುಡುಕಿ. ಅದು ಫೀಲ್ಡ್ ಅಥವಾ ಎತ್ತರದ ಪ್ರದೇಶದ ಪೋಸ್ಟಿಂಗಾಗಿದ್ದರೆ ನಿಮ್ಮ ಕೇಸಿನ ಬೆನ್ನೆಲುಬು ಅದೇ. ಆಮೇಲೆ ಬೋರ್ಡ್ ‘ಸಂಬಂಧವಿಲ್ಲ’ ಎಂದದ್ದಕ್ಕೆ ಏನು ಕಾರಣ ಬರೆದಿದೆ ನೋಡಿ. ಎಷ್ಟೋ ನಡಾವಳಿಗಳಲ್ಲಿ ಒಂದು ಸಾಲಿಗಿಂತ ಹೆಚ್ಚು ಇರುವುದಿಲ್ಲ. ಭರ್ತಿಯ ಹೊತ್ತಿಗೆ ಕಾಯಿಲೆ ದಾಖಲಾಗಿರದಿದ್ದರೆ ಸೈನಿಕ ಆರೋಗ್ಯವಾಗಿದ್ದ ಎಂದೇ ಭಾವಿಸಬೇಕು, ಅಲ್ಲ ಎನ್ನುವ ಬೋರ್ಡ್ ಕಾರಣ ಬರೆಯಬೇಕು ಎಂದು 2013ರಲ್ಲಿ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 2023ರ ಸೆಪ್ಟೆಂಬರ್ 21ರ ನಂತರ ಬಿಡುಗಡೆಯಾದವರಿಗೆ ಹೊಸ ನಿಯಮಾವಳಿ ಇದೆ. ಅವರು ಗೆಳೆಯನ ಹಳೇ ಅರ್ಜಿಯನ್ನು ನಕಲು ಹೊಡೆಯಬಾರದು.

ಕರ್ನಾಟಕಕ್ಕೆ ನ್ಯಾಯಮಂಡಳಿಯ ಕೊಚ್ಚಿ ಪೀಠ. ಪ್ರತಿ ತಾರೀಖಿಗೂ ನೀವೇ ಹೋಗಬೇಕಿಲ್ಲ, ವಕೀಲರು ಹೋಗುತ್ತಾರೆ. ಎಷ್ಟು ಕಾಲ ಹಿಡಿಯುತ್ತದೆ ಎಂದು ಮಾತ್ರ ಕೇಳಬೇಡಿ. ನ್ಯಾಯಾಂಗ ಸದಸ್ಯರು, ಸೇನೆಯಿಂದ ಬಂದ ಆಡಳಿತ ಸದಸ್ಯರು, ಇಬ್ಬರೂ ಕೂತರೆ ಪೀಠ. ಒಂದು ಕುರ್ಚಿ ಖಾಲಿಯಾದರೂ ತಾರೀಖು ಮುಂದೆ ಹೋಗುತ್ತದೆ. ಗೆದ್ದ ಮೇಲೂ ಸರ್ಕಾರ ಹೈಕೋರ್ಟಿಗೆ ಹೋಗಬಹುದು. 2023ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಆ ದಾರಿ ಮತ್ತೆ ತೆರೆದಿದೆ. ಅದೇ ದಾರಿ ನಿಮಗೂ ಇದೆ ಅನ್ನಿ. ಸರ್ಕಾರ ಹೈಕೋರ್ಟಿಗೆ ಹೋಗದೆಯೂ ಹಣ ಕೊಡದಿದ್ದರೆ ಆದೇಶ ಜಾರಿಗೆಂದೇ ಇನ್ನೊಂದು ಅರ್ಜಿ ಹಾಕಬೇಕು. ನಾನು ಕೊಂಚ ಹೆದರುಪುಕ್ಕಲ, ಇರಲಿ: ಹಣ ಬ್ಯಾಂಕ್ ಖಾತೆಗೆ ಬೀಳುವವರೆಗೆ ಅದನ್ನು ನಂಬಿ ಮನೆ ಕಟ್ಟಲು ಸಾಲ ತೆಗೆಯಬೇಡಿ.

ಪ್ರಶ್ನೆ: ಪ್ರಯಾಗರಾಜ್ ಪಿಂಚಣಿ ಕಚೇರಿಯಲ್ಲಿ ‘ಜನ’ ಇದ್ದಾರೆ ಎನ್ನುವ ಏಜೆಂಟ್ ಒಬ್ಬರು ಬಾಕಿಯಲ್ಲಿ ಕಾಲು ಭಾಗ ಕೇಳುತ್ತಿದ್ದಾರೆ. ಕೊಡಲೇ? (ಗೋಕಾಕ)

ಕೊಡಬೇಡಿ. ಗೆದ್ದ ಹಣದಲ್ಲಿ ಪಾಲು ಕೇಳುವ ಹಾಗೆ ವಕೀಲರಿಗೇ ಇಲ್ಲ, ಬಾರ್ ಕೌನ್ಸಿಲ್ ನಿಯಮ ಅದನ್ನು ನಿಷೇಧಿಸುತ್ತದೆ. ಈತ ವಕೀಲನೂ ಅಲ್ಲ. ನಿಮ್ಮ ಸ್ಪರ್ಶ್ (ಆನ್‌ಲೈನ್ ಪಿಂಚಣಿ ಖಾತೆಯ) ಪಾಸ್‌ವರ್ಡ್ ಈಗಾಗಲೇ ಅವನ ಕೈಯಲ್ಲಿದ್ದರೆ ಈ ಪುಟ ಪಕ್ಕಕ್ಕಿಟ್ಟು ಮೊದಲು ಅದನ್ನು ಬದಲಾಯಿಸಿ.

ಪ್ರಶ್ನೆ: ಜಿಲ್ಲಾಸ್ಪತ್ರೆ ಶೇ 60 ಅಂಗವೈಕಲ್ಯ ಎಂದು ಸರ್ಟಿಫಿಕೇಟ್ ಕೊಟ್ಟಿದೆ. ಮಿಲಿಟರಿ ಬೋರ್ಡಿನ ಶೇ 20 ರದ್ದಾಗುತ್ತದಲ್ಲವೇ?

ಇಲ್ಲ. ಆ ಸರ್ಟಿಫಿಕೇಟ್ ಬಸ್ ಪಾಸಿಗೆ ಇಟ್ಟುಕೊಳ್ಳಿ.

ಪ್ರಶ್ನೆ: ಪ್ರಧಾನಿಗೆ ಪತ್ರ ಬರೆದರೆ ಬೇಗ ಆಗುತ್ತದೆಯೇ?

ಪತ್ರ ಸುತ್ತಿ ಬಂದು ಅದೇ ಮೇಜಿನ ಮೇಲೆ ಕೂರುತ್ತದೆ. ಅಂಚೆ ಖರ್ಚು ನಿಮ್ಮದು.

ಪ್ರಶ್ನೆ: ಶೇ 30 ಮಂಜೂರಾಗಿದೆ. ಅದನ್ನು 50 ಮಾಡುತ್ತಾರಂತೆ, ನಿಜವೇ?

ನಿಜ. ಸುಪ್ರೀಂ ಕೋರ್ಟಿನ 2014ರ ರಾಮ್ ಅವತಾರ್ ತೀರ್ಪು. 50ಕ್ಕಿಂತ ಕಡಿಮೆ ಇದ್ದರೆ 50, ಅಲ್ಲಿಂದ 75ರವರೆಗೆ 75, ಅದರಾಚೆ 100. ಶೇ 20 ಮುಟ್ಟದವರು ಇದರಲ್ಲಿ ಬರುವುದಿಲ್ಲ, ಆ ಬಗ್ಗೆ ಮತ್ತೆ ಬರೆಯಬೇಡಿ.

ಪ್ರಶ್ನೆ: ಕೇಸು ನಡೆಯುತ್ತಿರುವಾಗಲೇ ಯಜಮಾನರು ತೀರಿಕೊಂಡರು. ಇನ್ನು ಬಿಟ್ಟುಬಿಡಿ ಎನ್ನುತ್ತಾರೆ ಮೈದುನ. (ಅರಕಲಗೂಡು)

ಬಿಡಬೇಡಿ ಅಮ್ಮ. ಅವರು ಬದುಕಿದ್ದ ದಿನದವರೆಗಿನ ಬಾಕಿ ವಾರಸುದಾರರಿಗೆ ಸೇರಬೇಕಾದದ್ದು. ಮರಣ ಪ್ರಮಾಣಪತ್ರ, ನಿಮ್ಮ ಹೆಸರಿರುವ ಪಿಪಿಒ ಎರಡನ್ನೂ ವಕೀಲರಿಗೆ ತಲುಪಿಸಿ, ಅರ್ಜಿದಾರರ ಜಾಗಕ್ಕೆ ನಿಮ್ಮ ಹೆಸರು ಸೇರಿಸಲು ಕೂಡಲೇ ಹೇಳಿ. ಇದಕ್ಕೂ ಗಡುವಿದೆ, ತಿಥಿ ಕಳೆದ ಮೇಲೆ ತಡಮಾಡಬೇಡಿ. ಕುಟುಂಬ ಪಿಂಚಣಿಯ ಕಡತ ಬೇರೆ, ಅದನ್ನು ಈ ಕೇಸಿಗಾಗಿ ನಿಲ್ಲಿಸಿಕೊಳ್ಳಬೇಡಿ. ಹಾಸನದ ಸೈನಿಕ ಕಲ್ಯಾಣ ಕಚೇರಿಯಲ್ಲಿ ಅದರ ಫಾರಂ ತುಂಬಿಸಿಕೊಡುತ್ತಾರೆ. ಮೈದುನನ ಜೊತೆಗೇ ಹೋಗಿ, ಅವರಿಗೂ ಅರ್ಥವಾಗಲಿ.