ಮ್ಯಾಕರೋನಿ ಚಿತ್ರಗಳ ವಿಗ್ಗು ಎಷ್ಟು ನಿಜ?

1770ರ ದಶಕದ ಲಂಡನ್ನಿನ ವ್ಯಂಗ್ಯಚಿತ್ರಗಳಲ್ಲಿ ಕಾಣುವ ‘ಮ್ಯಾಕರೋನಿ’ ಎಂಬ ಶೋಕಿಲಾಲ ಗಂಡಸರು ನಿಜಕ್ಕೂ ಅಂಥ ಗೋಪುರದಂಥ ವಿಗ್ಗು ಧರಿಸುತ್ತಿದ್ದರೇ ಎಂದು ತಾವು ಕೇಳಿದ್ದೀರಿ. ವಿಗ್ಗು ಎತ್ತರವಾಗಿದ್ದದ್ದು ನಿಜ. ಅಷ್ಟೊಂದು ಎತ್ತರ ಮಾತ್ರ ಚಿತ್ರಕಾರರ ಕೊಡುಗೆ. ಇಟಲಿ, ಫ್ರಾನ್ಸ್ ಸುತ್ತಿ ಬಂದ ಸಿರಿವಂತ ಯುವಕರು ಅಲ್ಲಿನ ಉಡುಪಿನ ಜೊತೆಗೆ ಮ್ಯಾಕರೋನಿ ಎಂಬ ಪಾಸ್ತಾದ ರುಚಿಯನ್ನೂ ಹತ್ತಿಸಿಕೊಂಡು ಬಂದದ್ದರಿಂದ ಆ ತಿನಿಸಿನ ಹೆಸರೇ ಅವರಿಗೆ ಅಂಟಿಕೊಂಡಿತು. 1764ರಷ್ಟು ಹಿಂದೆಯೇ ಇಂಗ್ಲಿಷ್ ಲೇಖಕ ಹೊರೇಸ್ ವಾಲ್‌ಪೋಲ್ ತನ್ನ ಪತ್ರವೊಂದರಲ್ಲಿ ಉದ್ದ ಗುಂಗುರುಗೂದಲಿನ ಈ ಮ್ಯಾಕರೋನಿಗಳ ಕೂಟವನ್ನು ಪ್ರಸ್ತಾಪಿಸಿದ್ದಾನೆ.

ಇವರನ್ನು ಮನೆಮಾತಾಗಿಸಿದವರು ಸ್ಟ್ರ್ಯಾಂಡ್ ಬೀದಿಯ 39ನೇ ಸಂಖ್ಯೆಯಲ್ಲಿ ಅಂಗಡಿಯಿಟ್ಟಿದ್ದ ಮೇರಿ ಮತ್ತು ಮ್ಯಾಥ್ಯೂ ಡಾರ್ಲಿ ದಂಪತಿ. ತಾಮ್ರದ ತಗಡಿನಲ್ಲಿ ಕೊರೆದು ಅಚ್ಚು ಹಾಕಿದ ಹಾಳೆಗಳನ್ನು ಅವರು ಕಿಟಕಿಯಲ್ಲಿ ತೂಗುಹಾಕುತ್ತಿದ್ದರು. ಕಿಟಕಿಯೆದುರು ಮುಗಿಬಿದ್ದ ಜನರನ್ನೇ ತೋರಿಸುವ 1772ರ ಚಿತ್ರವೂ ಇದೆ. ಗುರಿಯಾದವರು ಬರೀ ಶೋಕಿಲಾಲರಲ್ಲ. ಕ್ಯಾಪ್ಟನ್ ಕುಕ್‌ನೊಡನೆ ಹಡಗೇರಿದ್ದ ಸಸ್ಯವಿಜ್ಞಾನಿ ಜೋಸೆಫ್ ಬ್ಯಾಂಕ್ಸ್‌ನನ್ನು ಅದೇ ವರ್ಷ ಎರಡು ಭೂಗೋಲಗಳ ಮೇಲೆ ಒಂದೊಂದು ಕಾಲಿಟ್ಟು ಚಿಟ್ಟೆ ಹಿಡಿಯುವ ಮ್ಯಾಕರೋನಿಯಾಗಿ ಚಿತ್ರಿಸಿದರು.

ನನಗೆ ಹೆಚ್ಚು ಮೆಚ್ಚುಗೆಯಾದದ್ದು 1774ರ ಒಂದು ಹಾಳೆ. ಹಳ್ಳಿಯಿಂದ ಪಟ್ಟಣಕ್ಕೆ ಬಂದ ರೈತನೊಬ್ಬ, ಬೆಟ್ಟದಂಥ ವಿಗ್ಗಿನ ತುದಿಯಲ್ಲಿ ಬೊಗಸೆಗೂ ಸಾಲದ ಟೋಪಿಯಿಟ್ಟು ನಿಂತ ಯುವಕನನ್ನು ಕಂಡು ‘ಇವನು ನನ್ನ ಮಗ ಟಾಮನೇ?’ ಎಂದು ಬೆರಗಾಗುತ್ತಾನೆ. ಇಲ್ಲಿ ನಗು ಹುಟ್ಟುವುದು ವಿಗ್ಗಿಗಿಂತ ಅಪ್ಪನ ಮುಖದಿಂದ ಎನ್ನುವುದು ನನ್ನ ಅನಿಸಿಕೆ. ಅಂದ ಹಾಗೆ, ಈ ಚಿತ್ರಗಳ ಮೈಗಂಟಿದ ಗಿಡ್ಡ ಕೋಟು ಉತ್ಪ್ರೇಕ್ಷೆಯಲ್ಲ. ಆ ಕಾಲದ ಉಡುಪು ನಿಜಕ್ಕೂ ಹಾಗೆಯೇ ಕಿರಿದಾಗುತ್ತಿತ್ತು.