ಟೈಪ್ ಮಾಡುವಾಗ ಜಿಗಿಯುವ ಕರ್ಸರ್

ಪ್ರಶ್ನೆ: ಲ್ಯಾಪ್‌ಟಾಪ್‌ನಲ್ಲಿ ಟೈಪ್ ಮಾಡುತ್ತಿರುವಾಗಲೇ ಕರ್ಸರ್ ಇದ್ದಕ್ಕಿದ್ದಂತೆ ಮೇಲಿನ ಯಾವುದೋ ಸಾಲಿಗೆ ಹಾರಿಬಿಡುತ್ತದೆ, ಗಮನಿಸುವಷ್ಟರಲ್ಲಿ ನಾಲ್ಕಾರು ಪದಗಳು ಅಲ್ಲಿ ಸೇರಿಕೊಂಡಿರುತ್ತವೆ. ಕೆಲವೊಮ್ಮೆ ಇಡೀ ಪ್ಯಾರಾ ಮಾಯವಾಗುತ್ತದೆ. ವೈರಸ್ ತಪಾಸಣೆಯಲ್ಲಿ ಏನೂ ಸಿಗಲಿಲ್ಲ. ಕೀಬೋರ್ಡ್ ಬದಲಿಸಬೇಕೇ?

ಉತ್ತರ: ಈಗಲೇ ಏನನ್ನೂ ಬದಲಿಸಬೇಡಿ. ನೀವು ಹೇಳಿದ ಲಕ್ಷಣಗಳು ಕೀಬೋರ್ಡಿಗಿಂತ ಅದರ ಕೆಳಗಿರುವ ಟಚ್‌ಪ್ಯಾಡಿನತ್ತ ಬೆರಳು ತೋರುತ್ತವೆ. ಟೈಪ್ ಮಾಡುವಾಗ ಅಂಗೈಯ ಅಂಚು ಅಥವಾ ಹೆಬ್ಬೆರಳ ಬುಡ ಟಚ್‌ಪ್ಯಾಡಿಗೆ ತಗಲಿದರೆ ಯಂತ್ರ ಅದನ್ನು ಕ್ಲಿಕ್ ಎಂದೇ ತಿಳಿಯುತ್ತದೆ. ಆಗ ಮೌಸ್ ಪಾಯಿಂಟರ್ ಪರದೆಯ ಮೇಲೆ ಎಲ್ಲಿದೆಯೋ ಆ ಜಾಗಕ್ಕೆ ಕರ್ಸರ್ ಹೋಗಿ ನಿಲ್ಲುತ್ತದೆ. ಆ ಸ್ಪರ್ಶ ತುಸು ಎಳೆದಂತಾದರೆ ಪಠ್ಯದ ಒಂದು ಭಾಗ ಆಯ್ಕೆಯಾಗಿಬಿಡುತ್ತದೆ, ಮತ್ತು ನೀವು ಒತ್ತುವ ಮುಂದಿನ ಅಕ್ಷರ ಆಯ್ಕೆಯಾದುದೆಲ್ಲವನ್ನೂ ಅಳಿಸಿ ಅದರ ಜಾಗದಲ್ಲಿ ಕೂರುತ್ತದೆ. ಪ್ಯಾರಾ ಮಾಯವಾಗುವುದು ಬಹುಮಟ್ಟಿಗೆ ಹೀಗೆಯೇ. ಗಾಬರಿಯಾಗದೆ ಕೂಡಲೇ ಕಂಟ್ರೋಲ್ ಮತ್ತು ಝಡ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಅದು ಮರಳಿ ಬರುತ್ತದೆ.

ಇದು ಊಹೆಯಾಗಿಯೇ ಉಳಿಯಬಾರದು. ಬೇರೆ ಮೌಸ್ ಜೋಡಿಸಿ, ಟಚ್‌ಪ್ಯಾಡನ್ನು ಪೂರ್ತಿ ಆಫ್ ಮಾಡಿ, ಎಂದಿನಂತೆ ಒಂದಷ್ಟು ಹೊತ್ತು ಟೈಪ್ ಮಾಡಿ ನೋಡಿ. ಜಿಗಿತ ನಿಂತರೆ ಕಾರಣ ಸಿಕ್ಕಿತು. ದುರಸ್ತಿಗೆ ಕೊಡುವುದಕ್ಕೂ ವಿಂಡೋಸ್ ಮರುಸ್ಥಾಪಿಸುವುದಕ್ಕೂ ಮುನ್ನ ಈ ಪರೀಕ್ಷೆಯನ್ನು ಮಾಡಲೇಬೇಕೆಂಬುದು ನನ್ನ ಆಗ್ರಹ.

ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್ ತೆರೆದು, 'ಬ್ಲೂಟೂತ್ ಅಂಡ್ ಡಿವೈಸಸ್' ವಿಭಾಗದಲ್ಲಿ 'ಟಚ್‌ಪ್ಯಾಡ್' ಆರಿಸಿ. ಅಲ್ಲಿ 'ಟ್ಯಾಪ್ಸ್' ಎಂಬಲ್ಲಿ ಸೂಕ್ಷ್ಮತೆಯ ಮಟ್ಟವನ್ನು 'ಲೋ ಸೆನ್ಸಿಟಿವಿಟಿ'ಗೆ ಇಳಿಸಿ. ಅಷ್ಟಕ್ಕೂ ನಿಲ್ಲದಿದ್ದರೆ ಒಂದು ಬೆರಳಿನ ಟ್ಯಾಪ್‌ನಿಂದ ಕ್ಲಿಕ್ ಆಗುವ ಆಯ್ಕೆಯ ಗುರುತನ್ನೇ ತೆಗೆದುಬಿಡಿ; ಕ್ಲಿಕ್ ಮಾಡಲು ಟಚ್‌ಪ್ಯಾಡನ್ನು ಒತ್ತಬೇಕಾಗುತ್ತದೆ, ಆದರೆ ಹೆಚ್ಚು ಬರೆಯುವವರಿಗೆ ಇದೇ ಅತ್ಯುತ್ತಮ ಪರಿಹಾರವೆಂದು ನಾನು ಭಾವಿಸುತ್ತೇನೆ. ಮೌಸ್ ಜೋಡಿಸಿದಾಗ ಟಚ್‌ಪ್ಯಾಡ್ ತಾನಾಗಿ ನಿಷ್ಕ್ರಿಯವಾಗುವ ವ್ಯವಸ್ಥೆಯೂ ಅದೇ ಪುಟದಲ್ಲಿದೆ. ಮ್ಯಾಕ್‌ನಲ್ಲಿ ಟ್ರ್ಯಾಕ್‌ಪ್ಯಾಡ್ ಸೆಟ್ಟಿಂಗ್ಸ್‌ನ 'ಟ್ಯಾಪ್ ಟು ಕ್ಲಿಕ್' ಆಫ್ ಮಾಡಬಹುದು.

ಟಚ್‌ಪ್ಯಾಡ್ ಆಫ್ ಆಗಿದ್ದಾಗಲೂ ಕರ್ಸರ್ ಜಿಗಿದರೆ ಟಚ್‌ಸ್ಕ್ರೀನ್, ಮೌಸ್ ಇವುಗಳನ್ನು ಒಂದೊಂದಾಗಿ ನಿಲ್ಲಿಸಿ ಪರೀಕ್ಷಿಸಿ. ಚಾರ್ಜರ್ ಜೋಡಿಸಿದಾಗ ಮಾತ್ರ ಪಾಯಿಂಟರ್ ನಡುಗುತ್ತಿದ್ದರೆ ಚಾರ್ಜರ್ ಅಥವಾ ಪ್ಲಗ್ಗಿನ ಅರ್ಥಿಂಗ್ ಸರಿಯಿಲ್ಲದಿರಬಹುದು. ಟಚ್‌ಪ್ಯಾಡ್ ಬೆರಳನ್ನು ಗುರುತಿಸುವುದೇ ಅತಿ ಸಣ್ಣ ವಿದ್ಯುತ್ ಬದಲಾವಣೆಯಿಂದಾದ್ದರಿಂದ ಅಂತಹ ಅಡಚಣೆ ಅದನ್ನು ದಾರಿ ತಪ್ಪಿಸುತ್ತದೆ.

ಒಂದು ಎಚ್ಚರಿಕೆಯನ್ನು ಮಾತ್ರ ಹಗುರವಾಗಿ ಕಾಣಬೇಡಿ. ಟಚ್‌ಪ್ಯಾಡ್ ಮೇಲಕ್ಕೆ ಉಬ್ಬಿದಂತಿದ್ದರೆ ಅಥವಾ ಒತ್ತಲು ಗಟ್ಟಿಯಾಗಿದ್ದರೆ ಕೆಳಗಿನ ಬ್ಯಾಟರಿ ಊದಿಕೊಂಡಿರುವ ಸಾಧ್ಯತೆ ಇದೆ. ಅಂತಹ ಬ್ಯಾಟರಿಗೆ ಬೆಂಕಿ ಹತ್ತಿಕೊಳ್ಳಬಹುದಾದ್ದರಿಂದ ಚಾರ್ಜ್ ಮಾಡುವುದನ್ನೂ ಬಳಸುವುದನ್ನೂ ತಕ್ಷಣ ನಿಲ್ಲಿಸಿ, ಉಬ್ಬಿದ ಭಾಗವನ್ನು ಅದುಮದೆ ತಂತ್ರಜ್ಞರಿಗೆ ಒಪ್ಪಿಸಿ.

ಪ್ರಶ್ನೆ: ನಡುವೆ ಒಂದು ಪದ ಸೇರಿಸಲು ಹೋದರೆ ಮುಂದಿನ ಅಕ್ಷರಗಳು ಒಂದೊಂದಾಗಿ ಅಳಿಸಿಹೋಗುತ್ತವೆ. ಇದೂ ಟಚ್‌ಪ್ಯಾಡಿನ ದೋಷವೇ?

ಉತ್ತರ: ಅಲ್ಲ. ಓವರ್‌ಟೈಪ್ ಎಂಬ ವಿಧಾನ ಅರಿವಿಲ್ಲದೆ ಚಾಲನೆಗೊಂಡಿದೆ. ಇನ್ಸರ್ಟ್ ಕೀಲಿಯನ್ನು ಒಮ್ಮೆ ಒತ್ತಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ಪದೇ ಪದೇ ಹೀಗಾಗುತ್ತಿದ್ದರೆ ಫೈಲ್, ಆಪ್ಷನ್ಸ್, ಅಡ್ವಾನ್ಸ್ಡ್ ಎಂಬ ಕ್ರಮದಲ್ಲಿ ಹೋಗಿ ಓವರ್‌ಟೈಪ್‌ಗೆ ಸಂಬಂಧಿಸಿದ ಎರಡೂ ಗುರುತುಗಳನ್ನು ತೆಗೆದುಹಾಕಿ.